ಹೊಸ ಮಂಡಿಯ ಮೊದಲ ಹೆಜ್ಜೆಗಳು

ಮಂಡಿಯ ಕೀಲನ್ನು ಬದಲಾಯಿಸಿದ ಮರುದಿನವೇ ನಮ್ಮ ಸೋದರತ್ತೆಯವರನ್ನು ವಾಕರ್ ಹಿಡಿಸಿ ನಿಲ್ಲಿಸಿದಾಗ ಮನೆಯವರೆಲ್ಲ ಗಾಬರಿಗೊಂಡರು. ಮುರಿದ ಕಾಲಿಗೆ ಕಟ್ಟು ಹಾಕಿ ವಾರಗಟ್ಟಲೆ ಅಲುಗಿಸದೆ ಇಡುವುದನ್ನು ಕಂಡವರಿಗೆ ಈ ಆತುರ ವಿಚಿತ್ರವಾಗಿ ತೋರುವುದು ಸಹಜವೇ.

ಮುರಿದ ಮೂಳೆ ತಾನೇ ಬೆಸೆದುಕೊಳ್ಳಬೇಕು; ಅದಕ್ಕೆ ಕಾಲಾವಕಾಶ ಬೇಕು. ಇಲ್ಲಿಯಾದರೋ ಸವೆದ ತುದಿಗಳನ್ನು ತೆಳುವಾಗಿ ಕೊಯ್ದು ತೆಗೆದು, ತೊಡೆಯ ಮೂಳೆಗೆ ಲೋಹದ ಹೊದಿಕೆಯನ್ನೂ ಕೆಳಗಿನ ಮೂಳೆಗೆ ಲೋಹದ ತಟ್ಟೆಯನ್ನೂ ಕೂಡಿಸಿ, ನಡುವೆ ಪಾಲಿಎಥಿಲೀನಿನ ಬಿಲ್ಲೆಯನ್ನಿಡುತ್ತಾರೆ. ಸಾಮಾನ್ಯವಾಗಿ ಇವನ್ನು ಮೂಳೆಗೆ ಅಂಟಿಸುವುದು ಅಕ್ರಿಲಿಕ್ ಸಿಮೆಂಟು. ಅದು ಸುಮಾರು ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಆದುದರಿಂದ ರೋಗಿ ಶಸ್ತ್ರಕ್ರಿಯೆಯ ಕೊಠಡಿಯಿಂದ ಹೊರಬರುವ ವೇಳೆಗೇ ಕೀಲು ಭಾರ ಹೊರಲು ಸಿದ್ಧವಾಗಿರುತ್ತದೆ. ಸಿದ್ಧವಾಗದಿರುವುದು ಅದರ ಸುತ್ತಲಿನ ಸ್ನಾಯು, ಚರ್ಮ, ರಕ್ತನಾಳಗಳು.

ಮೊದಲು ರಕ್ತದ ವಿಚಾರ. ನಿಂತ ಮನುಷ್ಯನಲ್ಲಿ ಹೃದಯದಿಂದ ಪಾದದವರೆಗಿನ ರಕ್ತಸ್ತಂಭದ ಎತ್ತರ ಸುಮಾರು 120 ಸೆಂಟಿಮೀಟರ್; ಇದರ ಒತ್ತಡ ಪಾದರಸದ 90 ಮಿಲಿಮೀಟರಿಗೆ ಸಮೀಪ. ಈ ರಕ್ತವನ್ನು ಮೇಲಕ್ಕೆತ್ತುವುದರಲ್ಲಿ ಮೀನಖಂಡದ ಸ್ನಾಯುಗಳ ಪಾಲು ದೊಡ್ಡದು: ಅವು ಸಂಕುಚಿಸಿದಾಗಲೆಲ್ಲ ಅಭಿಧಮನಿಗಳನ್ನು ಹಿಂಡುತ್ತವೆ, ಒಳಗಿನ ಕವಾಟಗಳು ರಕ್ತ ಹಿಂದಿರುಗದಂತೆ ತಡೆಯುತ್ತವೆ. ಮಲಗಿದವರಲ್ಲಿ ಆ ಸ್ತಂಭವಿಲ್ಲ, ನಿಜ. ಆದರೆ ಪಂಪೂ ನಿಂತುಹೋಗಿ ರಕ್ತದ ಹರಿವು ಮಂದವಾಗುತ್ತದೆ. ಶಸ್ತ್ರಕ್ರಿಯೆಯ ಬಳಿಕ ರಕ್ತ ಸುಲಭವಾಗಿ ಹೆಪ್ಪುಗಟ್ಟುವುದರಿಂದ ಇದು ಅಪಾಯಕರ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ವೈದ್ಯರು ಹೆಪ್ಪುತಡೆಯುವ ಔಷಧವನ್ನು ಕೊಡುವುದರ ಜೊತೆಗೆ, ಎಚ್ಚರವಾದೊಡನೆ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಲು ಹೇಳುವುದು ಇದಕ್ಕಾಗಿಯೇ.

ಎರಡನೆಯದು ಮಂಡಿಯನ್ನು ನೆಟ್ಟಗಾಗಿಸುವುದು. ನೋವು ಕಡಿಮೆಯಾಗಲೆಂದು ನಾವು ಅತ್ತೆಯವರ ಮಂಡಿಯ ಕೆಳಗೆ ದಿಂಬಿಟ್ಟಿದ್ದೆವು. ಅದನ್ನು ತೆಗೆಯಿಸಿದಾಗ ಭೌತಶಾಸ್ತ್ರ ಬೋಧಿಸುವ ನನಗೂ ಕಾರಣ ತಕ್ಷಣ ಹೊಳೆಯಲಿಲ್ಲ. ನೆಟ್ಟಗೆ ನಿಂತಾಗ ಶರೀರದ ಭಾರರೇಖೆ ಮಂಡಿಯ ಅಕ್ಷದ ತುಸು ಮುಂದೆ ಹಾಯುವುದರಿಂದ ತೊಡೆಯ ಮುಂಭಾಗದ ಸ್ನಾಯುವಿಗೆ ಹೆಚ್ಚು ಕೆಲಸವಿರುವುದಿಲ್ಲ. ಮಂಡಿ ಬಾಗಿಯೇ ಉಳಿದುಬಿಟ್ಟರೆ ಭಾರರೇಖೆ ಅಕ್ಷದ ಹಿಂದಕ್ಕೆ ಸರಿಯುತ್ತದೆ. 4 ಸೆಂಟಿಮೀಟರ್ ಹಿಂದೆ ಸರಿಯಿತೆನ್ನೋಣ. ಸ್ನಾಯು ಎಳೆಯುವ ಸನ್ನೆಯ ಭುಜವೂ ಹೆಚ್ಚುಕಡಿಮೆ ಅಷ್ಟೇ. ಆಗ ಒಂಟಿಕಾಲಿನ ಮೇಲೆ ಭಾರವೂರಿದಾಗಲೆಲ್ಲ ಸ್ನಾಯು ಸುಮಾರು ಇಡೀ ಶರೀರದ ತೂಕದಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಊತವಿರುವ ಮಂಡಿಯಲ್ಲಿ ನರಗಳ ಪ್ರೇರಣೆ ಕುಗ್ಗಿ, ಇದೇ ಸ್ನಾಯು ಬಲಗುಂದಿರುತ್ತದೆ ಎಂಬುದನ್ನು ಮರೆಯಬಾರದು.

ಮಡಿಚುವುದನ್ನೂ ಬೇಗನೆ ಕಲಿಯಬೇಕು. ತಡವಾದಷ್ಟೂ ಗಾಯದ ನಾರುಗಳು ಬಿಗಿದುಕೊಳ್ಳುತ್ತವೆ. ನಡೆಯಲು ಸುಮಾರು 65 ಡಿಗ್ರಿ ಬಾಗಿದರೆ ಸಾಕು, ಕುರ್ಚಿಯಿಂದ ಏಳಲು 90ಕ್ಕೂ ಮಿಗಿಲು ಬೇಕು. ಮಲಗಿದವರ ಕಾಲನ್ನು ತಾನೇ ಮಡಿಚಿ ಬಿಡಿಸುವ ಯಂತ್ರವೊಂದು ಬಹುಕಾಲ ಬಳಕೆಯಲ್ಲಿತ್ತು. ಅದರಿಂದ ದೊರೆಯುವ ಲಾಭ ತೀರ ಅಲ್ಪವೆಂದು ಪರೀಕ್ಷೆಗಳು ತೋರಿಸಿವೆ. ಯಂತ್ರಪ್ರಿಯನಾದ ನನಗೆ ತುಸು ನಿರಾಶೆಯೇ!

ಆದರೆ ಹಟ ಹಿಡಿದು ದಣಿಯುವುದೂ ಸಲ್ಲದು. ವ್ಯಾಯಾಮದ ನಂತರ ಊತ ಹೆಚ್ಚಿದರೆ ಪ್ರಮಾಣವನ್ನು ತಗ್ಗಿಸಬೇಕು. ಮೀನಖಂಡ ಊದಿ ನೊಂದರೆ, ಉಸಿರು ಕಟ್ಟಿದಂತಾದರೆ, ಆ ಕ್ಷಣವೇ ವೈದ್ಯರನ್ನು ಕಾಣಬೇಕು.

ಅತ್ತೆಯವರು ಆರನೆಯ ವಾರ ಊರುಗೋಲಿಲ್ಲದೆ ಅಂಗಳ ದಾಟಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ ಆಸೆಯನ್ನು ಮಾತ್ರ ಅವರಿನ್ನೂ ಬಿಟ್ಟಿಲ್ಲ.