ಮೂರು ದಿನದ ದೋಣಿಯಾನಕ್ಕೆ ಯಾವ ನದಿ?

ನನ್ನ ತವರುಮನೆಯ ಅಂಗಳದಿಂದ ನೂರು ಹೆಜ್ಜೆ ಇಳಿದರೆ ನೇತ್ರಾವತಿ. ಆದರೂ ನನಗೆ ಈಜು ಬರುವುದಿಲ್ಲ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಸೋದರಮಾವನ ಮಗ ಮರಳು ತೆಗೆದ ಗುಂಡಿಯಲ್ಲಿ ಮುಳುಗಿ ತೀರಿಹೋದ. ಅವನು ನಿಂತಿದ್ದಲ್ಲಿ ಸೊಂಟದವರೆಗೆ ಮಾತ್ರ ನೀರಿತ್ತು ಎಂದು ಜೊತೆಗಿದ್ದವರು ಹೇಳಿದರು. ಮುಂದಿನ ಹೆಜ್ಜೆಗೆ ಕಾಲ ಕೆಳಗೆ ನೆಲವೇ ಇರಲಿಲ್ಲ. ಅಂದಿನಿಂದ ಮನೆಯ ಹೆಣ್ಮಕ್ಕಳು ನದಿಗಿಳಿಯುವುದನ್ನು ಉಮ್ಮ ನಿಲ್ಲಿಸಿಬಿಟ್ಟರು. ಗಂಡುಮಕ್ಕಳು ಕದ್ದುಮುಚ್ಚಿ ಈಜು ಕಲಿತರು. ನಾವು ಕಲಿಯಲಿಲ್ಲ.

ಹಾಗಿರುವಾಗ ಕಾಲೇಜಿಗೆ ಹೋಗುವ ನನ್ನ ಮಗಳು ಒಂದು ಸಂಜೆ ಕಾಗದವೊಂದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಉಮ್ಮಾ, ಕೆಲವು ದಿನ ನದಿಯಲ್ಲೇ ಪ್ರಯಾಣ. ಹಗಲು ದೋಣಿ, ರಾತ್ರಿ ದಡದಲ್ಲಿ ಬಿಡಾರ. ನಾವೆಲ್ಲ ಹೋಗೋಣವಾ?" ಕಾಗದದಲ್ಲಿ ಮೂರು ನದಿಗಳ ಹೆಸರಿತ್ತು. ಲಡಾಖಿನ ಝಂಸ್ಕಾರ್, ಉತ್ತರಾಖಂಡದ ಕಾಳಿ, ಕೇರಳದ ಚಾಲಿಯಾರ್.

ನನ್ನ ಬಾಯಿಂದ ಮೊದಲು ಬಂದ ಮಾತು "ಬೇಡ" ಎಂದೇ. ನನ್ನ ಪತಿ ಮಾತ್ರ, "ಬೇಡ ಅನ್ನುವುದು ಸುಲಭ. ಯಾಕೆ ಬೇಡ ಅಂತ ವಿಚಾರಿಸಿ ಹೇಳು. ಆಗ ಅವಳೂ ಒಪ್ಪುತ್ತಾಳೆ" ಎಂದರು. ಹೀಗೆ ಬೇಡವೆನ್ನಲು ಕಾರಣ ಹುಡುಕಲು ಹೊರಟವಳು ನಾನು. ಆ ಹುಡುಕಾಟದಲ್ಲಿ ನದಿಯನ್ನು ಆರಿಸುವುದು ಹೇಗೆಂದು ತಿಳಿಯಿತು. ರಜೆಯಲ್ಲಿ ಮಕ್ಕಳನ್ನು ನೀರಿನ ಬಳಿ ಕರೆದೊಯ್ಯುವ ಎಲ್ಲ ತಾಯಂದಿರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ನದಿಗಳಲ್ಲಿ ಏಕಿಲ್ಲ?

ನನ್ನ ಮೊದಲ ಪ್ರಶ್ನೆ ಇದೇ ಆಗಿತ್ತು. ಇಷ್ಟೆಲ್ಲ ನದಿಗಳಿರುವ ಕರ್ನಾಟಕ ಬಿಟ್ಟು ಹೊರಗೇಕೆ ಹೋಗಬೇಕು? ದಾಂಡೇಲಿಯ ಹತ್ತಿರ ಗಣೇಶಗುಡಿಯಲ್ಲಿ ನಮ್ಮದೇ ಕಾಳಿ ನದಿಯಲ್ಲಿ ರಾಫ್ಟಿಂಗ್ ಇದೆ. ಆದರೆ ಅಲ್ಲಿ ನೀರು ಬರುವುದು ಮೇಲಿನ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ. ಕೆಳಗೆ ಕೊಡಸಳ್ಳಿ, ಕದ್ರಾ ಎಂದು ಮತ್ತೆ ಅಣೆಕಟ್ಟುಗಳು. ದಿನಗಟ್ಟಲೆ ತಡೆಯಿಲ್ಲದೆ ಸಾಗಲು ನದಿಯೇ ಉಳಿದಿಲ್ಲ. ದಕ್ಷಿಣ ಕೊಡಗಿನ ಬರಪೊಳೆ ಮತ್ತು ಹೆಬ್ರಿ ಕಡೆಯ ಸೀತಾನದಿಯಲ್ಲಿ ರಾಫ್ಟಿಂಗ್ ನಡೆಯುವುದು ಮಳೆಗಾಲದಲ್ಲಿ ಮಾತ್ರ, ಅದೂ ಕೆಲವು ಗಂಟೆಗಳ ಆಟ. ಹಲವು ದಿನದ ಯಾನಕ್ಕೆ ಬೇಕಾದದ್ದು ನೀರು, ಉದ್ದ ಮತ್ತು ಅಡ್ಡಿಯಿಲ್ಲದ ಹರಿವು. ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ನೀರಿಗೂ ತರಗತಿಯಿದೆ

ನದಿಯ ಸೆಳೆತವನ್ನು ಜಗತ್ತಿನೆಲ್ಲೆಡೆ 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ಒಂದನೆಯ ದರ್ಜೆಯೆಂದರೆ ಸಣ್ಣ ಅಲೆಗಳ ಸಮಾಧಾನದ ನೀರು. ಮೂರರಲ್ಲಿ ಅಲೆಗಳು ದೋಣಿಯೊಳಗೆ ನುಗ್ಗುತ್ತವೆ. ನಾಲ್ಕು ಮತ್ತು ಐದು ನುರಿತವರಿಗೆ. ಆರು ಎಂದರೆ ಜೀವದ ಆಸೆ ಬಿಟ್ಟವರ ಮಾತು.

ದರ್ಜೆ ನದಿಯ ಹಣೆಯಲ್ಲಿ ಶಾಶ್ವತವಾಗಿ ಬರೆದದ್ದಲ್ಲ ಎಂಬುದನ್ನೂ ತಿಳಿದಿರಬೇಕು. ಕೆ.ಆರ್.ಎಸ್.ಗೆ ಇಷ್ಟು ಸಾವಿರ ಕ್ಯೂಸೆಕ್ ಒಳಹರಿವು ಎಂದು ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಅದೇ ಬಂಡೆ, ಅದೇ ತಿರುವು, ಆದರೆ ಹರಿವು ಹೆಚ್ಚಿದಾಗ ಎರಡನೆಯ ದರ್ಜೆಯ ಜಾಗ ನಾಲ್ಕಾಗಬಹುದು. ಆದ್ದರಿಂದ "ಆ ನದಿ ಹೇಗಿದೆ?" ಎಂದು ಕೇಳಿದರೆ ಸಾಲದು, "ಈ ತಿಂಗಳಲ್ಲಿ ಹೇಗಿರುತ್ತದೆ?" ಎಂದು ಕೇಳಬೇಕು.

ಝಂಸ್ಕಾರ್: ಕಣ್ಣಿಗೆ ಹಬ್ಬ, ನಮಗೆ ದೂರ

ಮಗಳ ಮನಸ್ಸಿದ್ದದ್ದು ಝಂಸ್ಕಾರಿನ ಮೇಲೆ. ಪದುಮ್ ಕಡೆಯಿಂದ ಹೊರಟು, ಎತ್ತರದ ಕಲ್ಲಿನ ಗೋಡೆಗಳ ನಡುವೆ ಸಾಗಿ, ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುವವರೆಗಿನ ಹಲವು ದಿನಗಳ ಯಾನ. ಚಿತ್ರಗಳನ್ನು ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಳೆ ಸುರಿಯುತ್ತಿರುವಾಗ ಅಲ್ಲಿ ದೋಣಿಯಾನದ ಕಾಲ.

ಆದರೆ ಅದು ಹಿಮ ಕರಗಿದ ನೀರು. ಬಿದ್ದವರ ಕೈಕಾಲು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತದೆ. ಹಗಲಿನ ಬಿಸಿಲಿಗೆ ಕರಗಿದ ಹಿಮ ಸಂಜೆಗೆ, ಕೆಲವೊಮ್ಮೆ ರಾತ್ರಿಗೆ ಕೆಳಗೆ ಬಂದು ತಲುಪುವುದರಿಂದ ನಾವು ಮಲಗಿದ ಮೇಲೆ ನದಿ ಏರಬಹುದು. ಲೇಹ್ ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕರಾವಳಿಯವರು ಅಲ್ಲಿಳಿದ ಮೇಲೆ ಎರಡು ಮೂರು ದಿನ ವಿಶ್ರಾಂತಿ ಪಡೆಯದಿದ್ದರೆ ತಲೆನೋವು, ವಾಂತಿ, ಉಸಿರಾಟದ ತೊಂದರೆ ಕಾಡುತ್ತದೆ. ನನ್ನ ಪತಿಗೆ ರಕ್ತದೊತ್ತಡವಿದೆ. ಮಗಳೇ ಆ ಹೆಸರಿನ ಮೇಲೆ ಗೀಟು ಎಳೆದಳು.

ಇನ್ನೊಂದು ಕಾಳಿ

ಎರಡನೆಯದು ಭಾರತ ಮತ್ತು ನೇಪಾಳದ ಗಡಿಯಾಗಿ ಹರಿಯುವ ಕಾಳಿ. ಕೆಳಗೆ ಅದಕ್ಕೆ ಶಾರದಾ ಎಂಬ ಹೆಸರೂ ಇದೆ. ಸರಯೂ ನದಿ ಬಂದು ಸೇರುವ ಪಂಚೇಶ್ವರದಿಂದ ಟನಕ್‌ಪುರದ ಕಡೆಗೆ ಮೂರು ನಾಲ್ಕು ದಿನಗಳ ಯಾನ. ಜಿಮ್ ಕಾರ್ಬೆಟ್ 1907ರಲ್ಲಿ ನರಭಕ್ಷಕ ಹುಲಿಯನ್ನು ಕೊಂದ ಚಂಪಾವತದ ಸೀಮೆ ಅದು. ಕಾಡು, ಮರಳದಂಡೆ, ಮಹಶೀರ್ ಮೀನು ಎಲ್ಲವೂ ಇವೆ. ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗುತ್ತದೆ.

ಇಲ್ಲಿ ನಮ್ಮನ್ನು ತಡೆದದ್ದು ಇನ್ನೊಂದು ಪ್ರಶ್ನೆ. ಎರಡನೆಯ ದಿನ ಯಾರಿಗಾದರೂ ಕೈ ಮುರಿದರೆ ಆಸ್ಪತ್ರೆ ಎಷ್ಟು ದೂರ? ಕಣಿವೆಯ ಬಹುಭಾಗದಲ್ಲಿ ದಡಕ್ಕೆ ರಸ್ತೆಯಿಲ್ಲ. ದೋಣಿಯಲ್ಲೇ ಮುಂದೆ ಹೋಗಬೇಕು, ಇಲ್ಲವೇ ಗುಡ್ಡ ಹತ್ತಬೇಕು. ಅನುಭವಿಗಳಿಗೆ ಇದು ಸರಿ. ಮೊದಲ ಸಲ ಹೊರಟ, ಅದರಲ್ಲೂ ಈಜು ಬಾರದವರಿರುವ ಕುಟುಂಬಕ್ಕೆ ಇದು ಸರಿಯಲ್ಲ. ಮೊದಲ ಯಾನ ಯಾವಾಗಲೂ ದಡದ ಪಕ್ಕದಲ್ಲಿ ಊರಿರುವ ನದಿಯಲ್ಲಾಗಬೇಕು.

"ಆ ನದಿಯಾ?"

ಉಳಿದದ್ದು ಚಾಲಿಯಾರ್. ನಿಲಂಬೂರಿನಿಂದ ಬೇಪೂರಿನ ಅಳಿವೆಯವರೆಗೆ ಸುಮಾರು 68 ಕಿ.ಮೀ.ಗಳನ್ನು ಮೂರು ದಿನಗಳಲ್ಲಿ ಕಯಾಕ್ ದೋಣಿಗಳಲ್ಲಿ ಕ್ರಮಿಸುವ, ದಾರಿಯುದ್ದಕ್ಕೂ ಪ್ಲಾಸ್ಟಿಕ್ ಕಸ ಹೆಕ್ಕುವ ಸಾಮೂಹಿಕ ಯಾನ ಅಲ್ಲಿ ನಡೆದುಕೊಂಡು ಬಂದಿದೆ. ದಿನಕ್ಕೆ 23 ಕಿ.ಮೀ. ಎಂದಾಯಿತು. ನಿಧಾನ ನೀರಿನಲ್ಲಿ ಹುಟ್ಟು ಹಾಕಿದರೆ ಗಂಟೆಗೆ ನಾಲ್ಕೈದು ಕಿ.ಮೀ. ಸಾಗಬಹುದು. ಐದಾರು ಗಂಟೆಗಳ ಕೆಲಸ. ದಡದಲ್ಲಿ ಊರು, ಮಸೀದಿ, ಅಂಗಡಿ, ಆಸ್ಪತ್ರೆ. ಭಾಷೆಯೂ ನಮಗೆ ತೀರಾ ಅಪರಿಚಿತವಲ್ಲ.

ಹೆಸರು ಕೇಳಿದ ಕೂಡಲೇ ಉಮ್ಮ ಜಪಮಣಿ ಕೆಳಗಿಟ್ಟರು. "ಆ ನದಿಯಾ? ಅದರಲ್ಲಲ್ಲವಾ ಮಯ್ಯತ್‌ಗಳು ತೇಲಿ ಬಂದದ್ದು?"

ಯಾರೂ ಮಾತಾಡಲಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಕೊಚ್ಚಿಹೋದವರಲ್ಲಿ ಅನೇಕರ ದೇಹಗಳು ಸಿಕ್ಕಿದ್ದು ಬಹುದೂರ ಕೆಳಗೆ, ನಿಲಂಬೂರು ಭಾಗದ ಚಾಲಿಯಾರಿನಲ್ಲಿ. ಉಮ್ಮ ಆ ದಿನಗಳಲ್ಲಿ ಟಿ.ವಿ. ಮುಂದೆ ಕುಳಿತು ಅತ್ತಿದ್ದರು.

ಉಮ್ಮನ ಪ್ರಶ್ನೆಯನ್ನು ನಾವು ಬದಿಗೆ ಸರಿಸಲಿಲ್ಲ. ಆ ಪ್ರಶ್ನೆಯಿಂದಲೇ ನಮಗೆ ಕಾಲದ ಮಹತ್ವ ತಿಳಿದದ್ದು. ಪಶ್ಚಿಮ ಘಟ್ಟದಿಂದ ಇಳಿಯುವ ನದಿಗಳಿಗೆಲ್ಲ ಎರಡು ಮುಖ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಬಯಲಿಗೆ ಬಂದು ಅಪ್ಪಳಿಸುತ್ತದೆ. ನಾವಿದ್ದಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಿರಬಹುದು. ಮಾರ್ಚ್ ಕಳೆದರೆ ನೀರು ಇಳಿದು ಬಂಡೆ, ಮರಳು ಮೇಲೇಳುತ್ತದೆ. ಮಳೆ ನಿಂತ ಮೇಲಿನ ನಾಲ್ಕೈದು ತಿಂಗಳೇ ಯೋಗ್ಯ ಕಾಲ. ನಾವು ಜನವರಿಯನ್ನು ಆರಿಸಿದೆವು. "ಮಳೆಯ ಒಂದು ಹನಿ ಬಿದ್ದರೂ ಹಿಂದೆ ಬರಬೇಕು" ಎಂಬ ಷರತ್ತಿನ ಮೇಲೆ ಉಮ್ಮ ಒಪ್ಪಿದರು. ನನ್ನದೂ ಒಂದು ಷರತ್ತಿತ್ತು. ಮಗಳು ಮೊದಲು ಈಜು ಕಲಿಯಬೇಕು. ಮಹಿಳೆಯರಿಗೆ ಪ್ರತ್ಯೇಕ ಸಮಯವಿರುವ ಈಜುಕೊಳದಲ್ಲಿ ಮೂರು ತಿಂಗಳು ಕಲಿತಳು.

ಹೊರಡುವ ಮುನ್ನ ಕೇಳಿದ್ದು

2023ರ ಮೇ 7ರಂದು ಇದೇ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಹೆಚ್ಚಿನವರು ಮಕ್ಕಳು ಮತ್ತು ಮಹಿಳೆಯರು. ಮಿತಿಮೀರಿ ಜನರನ್ನು ತುಂಬಿದ್ದ ದೋಣಿ ಅದು. ನೀರು ಶಾಂತವಾಗಿದ್ದರೆ ಸಾಲದು, ಕರೆದೊಯ್ಯುವವರೂ ಜವಾಬ್ದಾರರಾಗಿರಬೇಕು. ಫೋನಿನಲ್ಲಿ ನಾನು ಕೇಳಿದ ಪ್ರಶ್ನೆಗಳಿವು: ಒಂದು ದೋಣಿಯಲ್ಲಿ ಎಷ್ಟು ಜನ? ಎಷ್ಟು ಮಾರ್ಗದರ್ಶಕರು? ಜೊತೆಗೆ ರಕ್ಷಣಾ ದೋಣಿಯಿದೆಯೇ? ರಾತ್ರಿ ಎಲ್ಲಿ ಉಳಿಯುವುದು? ಮಹಿಳೆಯರಿಗೆ ಬಟ್ಟೆ ಬದಲಿಸಲು, ಶೌಚಕ್ಕೆ ಬೇರೆ ಏರ್ಪಾಡಿದೆಯೇ? ಮಧ್ಯಾಹ್ನ ನಮಾಝಿಗೆ ದಡ ಸೇರಲು ಸಮಯವಿದೆಯೇ? ಮೊದಲು ಮಾತಾಡಿದವರು "ಅದೆಲ್ಲ ಬಂದ ಮೇಲೆ ನೋಡೋಣ" ಎಂದರು. ಅವರನ್ನು ಬಿಟ್ಟೆವು. ಎರಡನೆಯವರು ಒಂದೊಂದಕ್ಕೂ ಉತ್ತರ ಕೊಟ್ಟರು.

ಲೈಫ್ ಜಾಕೆಟ್ ತೊಟ್ಟ ಮೇಲೆ ಭುಜದ ಪಟ್ಟಿಗಳನ್ನು ಬೇರೆಯವರಿಂದ ಮೇಲಕ್ಕೆ ಎಳೆಸಿ ನೋಡಬೇಕು. ಅದು ಕಿವಿಯ ಮಟ್ಟಕ್ಕೆ ಏರಿದರೆ ಸಡಿಲವೆಂದೇ ಅರ್ಥ. ಸೆಳೆತದಲ್ಲಿ ಬಿದ್ದರೆ ನಿಲ್ಲಲು ಹೋಗಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ಕಡೆಗೆ ಚಾಚಬೇಕು. ಕಿಂಡಿ ಅಣೆಕಟ್ಟಿನ ಹತ್ತಿರ ಎಂದೂ ಹೋಗಬಾರದು. ಮೇಲಿಂದ ಬೀಳುವ ನೀರು ಕೆಳಗೆ ಸುತ್ತಿ ಸುತ್ತಿ ಬಿದ್ದವರನ್ನು ಅಲ್ಲೇ ಹಿಡಿದಿಡುತ್ತದೆ. ನಮ್ಮ ಊರುಗಳಲ್ಲೂ ಇಂಥ ಅಣೆಕಟ್ಟುಗಳು ಬೇಕಾದಷ್ಟಿವೆ.

ಉಡುಪಿನ ವಿಚಾರದಲ್ಲಿ ಸಂಕೋಚ ಬೇಡ. ಬುರ್ಖಾ, ಸೀರೆ, ದುಪಟ್ಟಾ ನೀರಿನಲ್ಲಿ ತೋಯ್ದು ಭಾರವಾಗುತ್ತವೆ, ಕೊಂಬೆಗೆ ಸಿಕ್ಕಿಕೊಳ್ಳುತ್ತವೆ. ಬೇಗ ಒಣಗುವ ಬಟ್ಟೆಯ, ಮೈಮುಚ್ಚುವ ಈಜುಡುಪುಗಳು ಈಗ ಸಿಗುತ್ತವೆ. ಲೆಬನಾನ್ ಮೂಲದ ಆಸ್ಟ್ರೇಲಿಯಾದ ಮಹಿಳೆ ಅಹೆದಾ ಝನೆಟ್ಟಿ 2004ರಲ್ಲಿ ಬುರ್ಕಿನಿ ರೂಪಿಸಿದ್ದು ಇದೇ ತೊಂದರೆಗೆ ಪರಿಹಾರವಾಗಿ. ತಲೆವಸ್ತ್ರಕ್ಕೆ ಪಿನ್ನು ಚುಚ್ಚದೆ, ಟೊಪ್ಪಿಯಂತೆ ಬಿಗಿಯಾಗಿ ಕೂರುವುದನ್ನು ತೊಡಿ.

ಮೂರು ದಿನ

ನಮ್ಮ ಮಾರ್ಗದರ್ಶಕ ದುರಂತದ ದಿನಗಳಲ್ಲಿ ಹುಡುಕಾಟಕ್ಕೆ ಇಳಿದವರಲ್ಲಿ ಒಬ್ಬ. ಅದರ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ನಿಲಂಬೂರಿನಲ್ಲಿ ದೋಣಿ ಇಳಿಸುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ನಾವೂ ನಿಂತೆವು.

ಬ್ರಿಟಿಷರು 1840ರ ದಶಕದಲ್ಲಿ ಬೆಳೆಸಿದ ತೇಗದ ತೋಟ ಇಲ್ಲೇ ಇದೆ. ಹಿಂದೆ ಈ ಭಾಗದ ಮರದ ದಿಮ್ಮಿಗಳು ಇದೇ ನದಿಯಲ್ಲಿ ತೇಲಿ ಕೆಳಗೆ ಹೋಗುತ್ತಿದ್ದವು. ನಾನು ಪತಿಯೊಂದಿಗೆ ಇಬ್ಬರು ಕೂರುವ ಕಯಾಕ್‌ನಲ್ಲಿದ್ದೆ. ಮೊದಲ ಗಂಟೆ ದೋಣಿಯ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ಹುಟ್ಟು ಹಾಕಿದ್ದು ಅವರೊಬ್ಬರೇ. ಅರೀಕೋಡ್ ತಲುಪುವಷ್ಟರಲ್ಲಿ ನನ್ನ ಕೈಯೂ ಹುಟ್ಟಿನ ಮೇಲಿತ್ತು. ಊರ್ಕಡವಿನಲ್ಲಿ ಉಪ್ಪುನೀರು ಮೇಲೆ ಬರದಂತೆ ಕಟ್ಟಿದ ಅಣೆಕಟ್ಟೆಯಿದೆ. ಅಲ್ಲಿ ದೋಣಿಗಳನ್ನು ಹೊತ್ತು ಆಚೆ ಸಾಗಿಸಿದೆವು. ಕೊನೆಯ ದಿನ ಉಬ್ಬರದ ನೀರು ಎದುರಾಗಿ ಎಷ್ಟು ಹುಟ್ಟು ಹಾಕಿದರೂ ದೋಣಿ ನಿಂತಲ್ಲೇ ನಿಂತಂತಿತ್ತು. ಅಳಿವೆಯಿರುವ ನದಿಯಲ್ಲಿ ಹೊರಡುವವರು ಉಬ್ಬರ ಇಳಿತದ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಫರೋಕಿನ ಹಂಚಿನ ಕಾರ್ಖಾನೆಗಳ ಚಿಮಣಿ ಕಂಡಾಗ ನಮ್ಮ ಮಂಗಳೂರಿನ ನೆನಪಾಯಿತು. ಬೇಪೂರಿನಲ್ಲಿ ಅರಬರಿಗಾಗಿ ಉರು ಕಟ್ಟುವ ಬಡಗಿಗಳ ಊರು ತಲುಪಿದಾಗ ಸಂಜೆಯಾಗಿತ್ತು. ಫರೋಕಿನಿಂದ ರಾತ್ರಿ ರೈಲು ಹತ್ತಿದೆವು.

ಮನೆಗೆ ಬಂದಾಗ ಉಮ್ಮ ಮೊದಲು ಮೊಮ್ಮಗಳ ತಲೆ ಮುಟ್ಟಿ ನೋಡಿದರು, ಆಮೇಲೆ ನನ್ನ ತಲೆ. "ನೀನೂ ಹುಟ್ಟು ಹಾಕಿದೆಯಾ?" ಎಂದು ಕೇಳಿದರು. ಅಂಗೈಯ ಬೊಬ್ಬೆ ತೋರಿಸಿದೆ. ಅವರು ಎಣ್ಣೆ ತಂದು ಹಚ್ಚಿದರು. ಸೋದರಮಾವನ ಮಗನ ಹೆಸರನ್ನು ಎಷ್ಟೋ ವರ್ಷಗಳ ನಂತರ ಅಂದು ಉಮ್ಮ ಉಚ್ಚರಿಸಿದರು. "ಅವನಿಗೆ ಯಾರಾದರೂ ಆ ಗುಂಡಿಯ ವಿಷಯ ಹೇಳಿದ್ದರೆ..." ಎಂದು ನಿಲ್ಲಿಸಿದರು.

ಸಹೋದರಿಯರೇ, ನದಿಯ ಹತ್ತಿರ ಹೋಗಬೇಡಿ ಎಂದು ಮಕ್ಕಳನ್ನು ತಡೆಯುವುದು ನಮಗೆ ಅಭ್ಯಾಸ. ತಡೆದರೂ ಅವರು ಒಂದಲ್ಲ ಒಂದು ದಿನ ಹೋಗುತ್ತಾರೆ. ಯಾವ ನದಿ, ಯಾವ ತಿಂಗಳು, ಯಾರ ಜೊತೆ, ಬಿದ್ದರೆ ಏನು ಮಾಡಬೇಕು ಎಂದು ಹೇಳಿಕೊಟ್ಟೇ ಕಳುಹಿಸೋಣ. ಹದಿಮೂರರ ಕಿರಿಯ ಮಗಳನ್ನು ನಾವೀಗ ಈಜು ತರಗತಿಗೆ ಸೇರಿಸಿದ್ದೇವೆ. ಅವಳ ಜೊತೆ ನಾನೂ ಸೇರಿದ್ದೇನೆ.