ನಾಣ್ಯದ ಮುದ್ರೆಯೂ ಪ್ರಜೆಯ ಹಕ್ಕೂ

ರಾಜ್ಯವು ಕೈಬದಲಾದಾಗ ಮೊದಲು ಕೋಟೆಯ ಮೇಲಿನ ಬಾವುಟವೂ ಅನಂತರ ನಾಣ್ಯದ ಮೇಲಿನ ಮುದ್ರೆಯೂ ಬದಲಾಗುವುವು. ಬಾವುಟವನ್ನು ಕಾಣಲು ಕೋಟೆಯ ಬಳಿಗೆ ಹೋಗಬೇಕು. ನಾಣ್ಯವಾದರೋ ರೈತನ ಸೊಂಟದ ಗಂಟಿಗೇ ಬಂದು ಸೇರುವುದು. ಈ ಮಾತಿಗೆ ಶ್ರೀರಂಗಪಟ್ಟಣದ ಟಂಕಸಾಲೆಯ ಚರಿತ್ರೆಯೇ ಸಾಕ್ಷಿ.

ಕಂಠೀರವ ನರಸರಾಜ ಒಡೆಯರು (1638–1659) ಟಂಕಿಸಿದ ಚಿನ್ನದ ಹಣದ ಒಂದು ಮಗ್ಗುಲಲ್ಲಿ ನರಸಿಂಹಮೂರ್ತಿ, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಅವರ ಹೆಸರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಇಕ್ಕೇರಿ ವರಹದ ಶಿವಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಒತ್ತಿಸಿದನು. ಟಿಪ್ಪೂ ಸುಲ್ತಾನನು ಚಿನ್ನದ ಮೇಲಿನ ಮೂರ್ತಿಗಳನ್ನು ಬಿಡಿಸಿ ಬರೆಹವನ್ನಷ್ಟೇ ಉಳಿಸಿದನು. ಅಹಮದಿ, ಫಾರೂಕಿ ಎಂದು ಹೊಸ ಹೆಸರುಗಳನ್ನಿಟ್ಟನು. 1787ರ ಸುಮಾರಿಗೆ ಮೌಲೂದಿ ಶಕೆಯನ್ನು ತಂದು ವರ್ಷದ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದರೂ ತಂದೆಯ ಆ ಒಂದಕ್ಷರವನ್ನು ಕೈಬಿಡಲಿಲ್ಲ. 1799ರ ತರುವಾಯ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೆ ಶಿವಪಾರ್ವತಿಯರು ಮರಳಿ ಬಂದರು. 1843ರಲ್ಲಿ ಸಂಸ್ಥಾನದ ಟಂಕಸಾಲೆಯೇ ಮುಚ್ಚಿಹೋಯಿತು.

ಇಷ್ಟೆಲ್ಲ ಮಾರ್ಪಾಟಾದರೂ ವರಹದ ತೂಕವು ಸುಮಾರು 3.4 ಗ್ರಾಮಿನಲ್ಲಿಯೇ ನಿಂತಿತೆಂಬುದನ್ನು ವಾಚಕರು ಗಮನಿಸಬೇಕು. ಅರಸರು ಮುದ್ರೆಯನ್ನು ತಮ್ಮ ಇಷ್ಟದಂತೆ ಬದಲಿಸಿದರು. ತೂಕವನ್ನು ಬದಲಿಸಲು ಹಿಂಜರಿದರು. ಏಕೆಂದರೆ ಚಿನಿವಾರನ ಒರೆಗಲ್ಲಿಗೆ ಯಾವ ಅರಸನ ದಾಕ್ಷಿಣ್ಯವೂ ಇಲ್ಲ. ಆದರೆ ಮುದ್ರೆಯ ವಿಷಯದಲ್ಲಿ ಹಿರೋಡೆಯ (ಈಗಿನ ಪಾಂಡವಪುರದ), ಅತ್ತಿಕುಪ್ಪೆಯ (ಈಗಿನ ಕೃಷ್ಣರಾಜಪೇಟೆಯ), ನಾಗಮಂಗಲದ ರೈತನನ್ನು ಕೇಳಿದವರಾರು? ಅಂದು ಅಪ್ಪಣೆಯೇ ಕಾನೂನಾಗಿತ್ತು.

ಇಂದು ಹಾಗಲ್ಲ. 1950ರ ಆಗಸ್ಟ್ 15ರಂದು ಹೊರಟ ನಾಣ್ಯಗಳಲ್ಲಿ ಆಂಗ್ಲ ದೊರೆಯ ತಲೆಯ ಸ್ಥಳದಲ್ಲಿ ಅಶೋಕನ ಸಿಂಹಗಳು ನೆಲಸಿದುವು. 2011ರ ನಾಣ್ಯ ಕಾಯಿದೆಯ ಮೇರೆಗೆ ಕೇಂದ್ರ ಸರ್ಕಾರವು ನಿಯಮಗಳ ಮೂಲಕ ವಿನ್ಯಾಸವನ್ನು ಗೊತ್ತುಪಡಿಸಿ ರಾಜಪತ್ರದಲ್ಲಿ ಪ್ರಕಟಿಸುವುದು. ಆ ನಿಯಮಗಳು ಪಾರ್ಲಿಮೆಂಟಿನ ಮುಂದೆ ಬರತಕ್ಕುವು. 2015ರ ನವೆಂಬರಿನಲ್ಲಿ ಅಶೋಕಚಕ್ರವೂ ಗಾಂಧೀಜಿಯವರ ಮುಖವೂ ಉಳ್ಳ ಭಾರತದ ಚಿನ್ನದ ನಾಣ್ಯವು ಮಾರಾಟಕ್ಕೆ ಬಂದಿತು. ಅದು ಚಲಾವಣೆಯ ಹಣವಲ್ಲ, ಕೊಳ್ಳುವ ಚಿನ್ನ.

ಆದರೆ ನಿಯಮವು ಮುದ್ರಿತವಾದ ಮೇಲೆ ಪ್ರಜೆಯು ನೋಡಿ ಫಲವೇನು? ಮುಮ್ಮಡಿಯವರ ತಾಮ್ರದ ಕಾಸಿನಲ್ಲಿ ಕನ್ನಡವಿತ್ತು. ಇಂದಿನ ನೋಟಿನ ಭಾಷಾಪಟ್ಟಿಯಲ್ಲಿಯೂ ಉಂಟು. ಚಲಾವಣೆಯ ನಾಣ್ಯದಲ್ಲಿ ಮಾತ್ರ ಹಿಂದೀ ಇಂಗ್ಲಿಷುಗಳೆರಡೇ. ಇದು ಸರಿಯೇ ಎಂದು ವಿಚಾರಿಸಲು ಪ್ರಜೆಗೆ ಅವಕಾಶವಿರಬೇಕು. ಹೊಸ ವಿನ್ಯಾಸದ ಕರಡನ್ನು ಅಚ್ಚು ಕೊರೆಯುವ ಮುನ್ನವೇ ದೇಶಭಾಷೆಗಳಲ್ಲಿ ಪ್ರಕಟಿಸಿ, ಅಭಿಪ್ರಾಯ ತಿಳಿಸಲು ಒಂದೆರಡು ತಿಂಗಳ ಗಡುವು ಕೊಡುವುದು ಸರ್ಕಾರಕ್ಕೆ ಭಾರವಾಗಲಾರದು. ಅರಸನ ನಾಣ್ಯದ ಮೇಲೆ ಅರಸನ ಇಚ್ಛೆ ನಡೆಯಿತು. ಪ್ರಜಾರಾಜ್ಯದ ನಾಣ್ಯದ ಮೇಲೆ ಪ್ರಜೆಯ ಇಚ್ಛೆ ನಡೆಯತಕ್ಕದ್ದು ನ್ಯಾಯ.