ನಗೆ ಯಾರನ್ನು ಕುರಿತು?

2000ದ ದಶಕದಲ್ಲಿ ಈಟಿವಿಯ ‘ಪಾಪ ಪಾಂಡು’ವಿನಲ್ಲಿ ಗಂಡ ಹೆಂಡತಿಯ ಕೈಯಲ್ಲಿ ಒದೆ ತಿನ್ನುವುದನ್ನು ಕಂಡು ಮನೆಮಂದಿಯೆಲ್ಲ ನಕ್ಕೆವು. ಹೊಡೆಯುವ ಕೈ ಗಂಡನದಾಗಿದ್ದರೆ? ಹೊಡೆತ ಗಂಡನ ಹಕ್ಕೆಂಬ ನಂಬಿಕೆ ತಲೆಯಲ್ಲಿದ್ದುದರಿಂದಲೇ ಅದು ತಿರುಗುಮುರುಗಾದಾಗ ತಮಾಷೆ. ಆ ನಂಬಿಕೆ ಅಲುಗಿತೆಂದು ನನಗನ್ನಿಸುವುದಿಲ್ಲ.

2015ರಲ್ಲಿ ಶುರುವಾದ ‘ಮಜಾ ಟಾಕೀಸ್’ನ ವರಲಕ್ಷ್ಮಿಯದು ಬೇರೆ ಬಗೆ. ಅಚ್ಚಗನ್ನಡದ ನಿರೂಪಣೆಗೆ ಹೆಸರಾಗಿದ್ದ ಅಪರ್ಣಾ (2024ರಲ್ಲಿ ತೀರಿಕೊಂಡರು) ಬಡಾಯಿಯ ಹೆಂಗಸಾಗಿ ಬಂದರು. ಅಲ್ಲಿ ನಗೆಗೀಡಾದದ್ದು ಒಣಪ್ರತಿಷ್ಠೆ.

ನಮ್ಮ ಸಿರುಗುಪ್ಪ ಸೀಮೆಗೆ ನೋವಾಗುವುದು ಮಾತಿನ ವಿಷಯದಲ್ಲಿ. ಟಿ.ವಿ.ಯ ಎಷ್ಟೋ ಹಾಸ್ಯ ತುಣುಕುಗಳಲ್ಲಿ ‘ಹೌದ್ರಿ’, ‘ಬರ್ರಿ’ ಎನ್ನುವವನು ಕುಡುಕ, ಇಲ್ಲವೇ ಪೆದ್ದ. ಸಂಭಾಷಣೆಯಲ್ಲಿ ನಗುವಂಥದ್ದೇನೂ ಇರದು. ಮಾತಿನ ರಾಗವೇ ಜೋಕು! ಕೆಂಚನಗುಡ್ಡದ ಮಕ್ಕಳೂ ನಗುತ್ತಾರೆ. ಮರುದಿನ ತರಗತಿಯಲ್ಲಿ ಎದ್ದು ನಿಂತ ಹುಡುಗ ‘ಯಾಕ್ರಿ ಸರ’ ಎಂದು ಅರ್ಧಕ್ಕೇ ನಿಲ್ಲಿಸಿ ಪುಸ್ತಕದ ಕನ್ನಡ ಹುಡುಕುತ್ತಾನೆ. ಪ್ರಶ್ನೆ ಬಾಯಲ್ಲೇ ಉಳಿಯುತ್ತದೆ. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಹೊಳೆಯಾಚೆಯ ಗಂಗಾವತಿಯ ಪ್ರಾಣೇಶರೂ ಇಂಥದೇ ಮಾತಿನಲ್ಲಿ ನಗಿಸುತ್ತಾರೆ. ಆದರೆ ಅಲ್ಲಿ ಈ ಮಾತಾಡುವವನೇ ಜಾಣ. ಪಟ್ಟಣದ ಸೋಗು ಅವನ ಕಣ್ಣಿಗೆ ಬೀಳುತ್ತದೆ. ಅವರ ಭಾಷಣಗಳನ್ನು ನಮ್ಮ ಹುಡುಗರು ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಕೇಳುತ್ತಾರೆ, ಜೋರಾಗಿ ದನಿಯಿಟ್ಟು.